ದೋಣಿಯ ಡೀಸೆಲ್ ಎಂಜಿನ್: ಏರ್ ತೆಗೆದು ಚಾಲೂ ಮಾಡಿದರೂ ಆರೇಳು ನಿಮಿಷಕ್ಕೆ ನಿಂತುಹೋಗುತ್ತಿದೆ

ಪ್ರಶ್ನೆ: ಹಿನ್ನೀರ ದಡ, ತುಮರಿ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮತ್ತು ಅಡಿಕೆ ತೋಟ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಅಂಚಿನಲ್ಲಿವೆ. ಸಿಗಂದೂರಿನ ಕಡೆಗೆ ಹೋಗುವ ಹೊಸ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಮೇಲೆ ಪೇಟೆಗೆ ಹೋಗಿಬರಲು ದೋಣಿಯನ್ನು ನೆಚ್ಚಿಕೊಳ್ಳಬೇಕಾಗಿಲ್ಲ. ಆದರೆ ಎದುರು ದಡದ ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ದರಕು (ಉದುರಿದ ಒಣ ಎಲೆ) ಮತ್ತು ಸೊಪ್ಪು ತರಲು ನಮಗೆ ಇಂದಿಗೂ ದೋಣಿಯೇ ಗತಿ. ಮೂರು ವರ್ಷದ ಹಿಂದೆ ಹೊನ್ನಾವರದಿಂದ ಬಳಸಿದ ಫೈಬರ್ ದೋಣಿಯೊಂದನ್ನು ತಂದೆವು. ಅದೇ ಹೊಳೆ ಕಡಲು ಸೇರುವಲ್ಲಿ ಓಡಾಡಿಕೊಂಡಿದ್ದ ದೋಣಿ ಹೊಳೆಯ ಮೇಲ್ಭಾಗಕ್ಕೆ ಲಾರಿಯಲ್ಲಿ ಬಂದಿತು. ಅದರಲ್ಲಿ ಎರಡು ಸಿಲಿಂಡರಿನ, ಹೊಳೆಯ ನೀರನ್ನೇ ಎಳೆದುಕೊಂಡು ತಂಪಾಗುವ ಸಣ್ಣ ಮರೀನ್ ಡೀಸೆಲ್ ಎಂಜಿನ್ ಇದೆ. ಸೆಲ್ಫ್ ಮೋಟಾರು ಇದೆ, ಹ್ಯಾಂಡಲ್ ಹಾಕಿ ತಿರುಗಿಸಲೂ ಬರುತ್ತದೆ. ಡೀಸೆಲ್ ಟ್ಯಾಂಕು ಹಿಂಬದಿಯ ಹಲಗೆಯ ಕೆಳಗೆ, ಎಂಜಿನ್ನಿಗಿಂತ ತಗ್ಗಿನಲ್ಲಿದೆ.

ಈ ಸಲದ ಮಳೆಗಾಲದಲ್ಲಿ ದೋಣಿಯನ್ನು ನಾಲ್ಕು ತಿಂಗಳು ಟಾರ್ಪಾಲು ಹೊದಿಸಿ ಕಟ್ಟಿಹಾಕಿದ್ದೆವು. ದೀಪಾವಳಿ ಕಳೆದ ಮೇಲೆ ಡೀಸೆಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರಿನ ಒಳಗಿನ ಫಿಲ್ಟರನ್ನೂ ಎಂಜಿನ್ ಮೇಲಿರುವ ಸಣ್ಣ ಫಿಲ್ಟರನ್ನೂ ನಾನೇ ಬದಲಾಯಿಸಿದೆ. ಏರ್, ಅಂದರೆ ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು, ತೆಗೆದ ಮೇಲೆ ಎಂಜಿನ್ ಒಳ್ಳೆಯ ಸದ್ದಿನಲ್ಲಿಯೇ ಚಾಲೂ ಆಯಿತು. ಆದರೆ ಹೊಳೆಯ ನಡುವೆ ಹೋಗುವಷ್ಟರಲ್ಲಿ ಸದ್ದು ತೆಳ್ಳಗಾಗಿ, ಒಂದೆರಡು ಸಲ ಏರಿಳಿದು, ನಿಂತೇಬಿಟ್ಟಿತು. ಹುಟ್ಟು ಹಾಕಿಕೊಂಡು ದಡ ಸೇರಬೇಕಾಯಿತು. ಮತ್ತೆ ಏರ್ ತೆಗೆದೆ, ಮತ್ತೆ ಚಾಲೂ ಆಯಿತು, ಮತ್ತೆ ಆರೇಳು ನಿಮಿಷಕ್ಕೆ ನಿಂತಿತು. ಹೀಗೆ ನಾಲ್ಕು ಸಲ ಆಗಿದೆ. ಈಗ ಎರಡು ದಿನದಿಂದ ಚಾಲೂ ಆಗುವುದೇ ಇಲ್ಲ. ಅಣ್ಣನ ಮಗ ಹಟ ಹಿಡಿದು ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನೂ ಇಳಿಸಿದ್ದಾನೆ.

ಏರನ್ನು ಎಲ್ಲಿಂದ ತೆಗೆಯಲು ಆರಂಭಿಸಿ ಎಲ್ಲಿಗೆ ಮುಗಿಸಬೇಕು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲಿನ ಪೈಪಿನ ನಟ್ಟುಗಳನ್ನು ಸಡಿಲಿಸಲೇಬೇಕೆ, ತೆಗೆದ ಏರ್ ಮತ್ತೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು. ಟ್ಯಾಂಕಿನಿಂದ ಎಂಜಿನ್‌ವರೆಗೆ ಪ್ರತಿಯೊಂದು ಜಾಯಿಂಟನ್ನೂ ಬೆರಳಿನಿಂದ ಮುಟ್ಟಿ ನೋಡಿದ್ದೇನೆ; ಎಲ್ಲಿಯೂ ಒಂದು ಹನಿ ಡೀಸೆಲಿನ ಪಸೆ ಇಲ್ಲ. ಆದ್ದರಿಂದ ಎಲ್ಲೋ ಲೀಕ್ ಇದೆ ಎಂದು ನಂಬಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1: ಪಂಪ್‌ಸೆಟ್ ರಿಪೇರಿ, ತೀರ್ಥಹಳ್ಳಿ

ನಮಸ್ಕಾರ. ನನ್ನ ಕೆಲಸ ಹೆಚ್ಚಾಗಿ ತೋಟದ ಡೀಸೆಲ್ ಪಂಪ್‌ಸೆಟ್ಟು ಮತ್ತು ಟಿಲ್ಲರುಗಳದ್ದು. ದೋಣಿಯ ಎಂಜಿನ್‌ಗಳನ್ನು ನೋಡಿರುವುದು ಕಡಿಮೆಯಾದರೂ ಡೀಸೆಲ್ ಸಾಗುವ ದಾರಿ ಒಂದೇ ಆಗಿರುವುದರಿಂದ ಏರ್ ತೆಗೆಯುವ ಕ್ರಮವನ್ನು ವಿವರವಾಗಿಯೇ ಬರೆಯುತ್ತೇನೆ.

ನಾಜಲ್ ಬಾಯಿ ತೆರೆಯಬೇಕಾದರೆ ಅದರ ಒಳಗಿನ ಡೀಸೆಲಿನ ಒತ್ತಡ ಈ ಬಗೆಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 150ರಿಂದ 250 ಬಾರ್ ಮುಟ್ಟಬೇಕು. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಇದು ಎಷ್ಟೆಂದು ತಿಳಿಯುತ್ತದೆ. ಎಫ್‌.ಐ. ಪಂಪಿನ (ನಾಜಲಿಗೆ ಒತ್ತಡದಲ್ಲಿ ಡೀಸೆಲ್ ತಳ್ಳುವ ಫ್ಯೂಯೆಲ್ ಇಂಜೆಕ್ಷನ್ ಪಂಪು) ಒಳಗಿನ ಪ್ಲಂಜರು ಒಂದು ಹೊಡೆತಕ್ಕೆ ತಳ್ಳುವ ಡೀಸೆಲ್ ಬಹಳವೆಂದರೆ ಒಂದು ಹನಿಯ ಆಸುಪಾಸು. ಡೀಸೆಲ್ ಕುಗ್ಗುವ ವಸ್ತುವಲ್ಲವಾದ್ದರಿಂದ ಅಷ್ಟೇ ಹನಿ ಸಾಕು, ಒತ್ತಡ ಏರಿ ನಾಜಲ್ ತೆರೆಯುತ್ತದೆ. ಆ ಪೈಪಿನಲ್ಲಿ ಕಡಲೆ ಕಾಳಿನಷ್ಟು ಗಾಳಿ ಇದ್ದರೂ ಪ್ಲಂಜರಿನ ಹೊಡೆತವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಪ್ಲಂಜರು ಹಿಂದೆ ಸರಿದಾಗ ಗಾಳಿ ಮತ್ತೆ ಹಿಗ್ಗುತ್ತದೆ, ನಾಜಲ್ ತೆರೆಯುವುದೇ ಇಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಇಲ್ಲದ ಈ ಕಾಟ ಡೀಸೆಲ್ ಎಂಜಿನ್ನಿಗೆ ಇರುವುದು ಇದೇ ಕಾರಣಕ್ಕೆ.

ಏರ್ ತೆಗೆಯುವುದಕ್ಕೆ ಮೊದಲು ಟ್ಯಾಂಕಿನಲ್ಲಿ ಡೀಸೆಲ್ ಸಾಕಷ್ಟಿದೆಯೇ, ಟ್ಯಾಂಕಿನ ಕಾಕ್ ಪೂರ್ತಿ ತೆರೆದಿದೆಯೇ, ಎಂಜಿನ್ ನಿಲ್ಲಿಸುವ ಕೇಬಲ್ ಎಳೆದ ಸ್ಥಿತಿಯಲ್ಲಿಯೇ ಉಳಿದಿದೆಯೇ ಎಂಬ ಮೂರನ್ನು ನೋಡಿಕೊಳ್ಳಿ. ಆ ಕೇಬಲ್ ಅರ್ಧ ಎಳೆದು ನಿಂತಿದ್ದುದನ್ನು ಗಮನಿಸದೆ ಇಡೀ ದಿನ ಏರ್ ತೆಗೆದವರನ್ನು ನಾನು ಕಂಡಿದ್ದೇನೆ.

ಕ್ರಮ ಯಾವಾಗಲೂ ಟ್ಯಾಂಕಿನಿಂದ ನಾಜಲಿನ ಕಡೆಗೆ. ವಾಟರ್ ಸೆಪರೇಟರಿನ ಬಟ್ಟಲಿನ ತಳದಲ್ಲಿ ನೀರು ಅಥವಾ ಕಪ್ಪು ಗಸಿ ಕಂಡರೆ ಕೆಳಗಿನ ಸ್ಕ್ರೂ ಬಿಚ್ಚಿ ಹರಿಸಿ, ಬಟ್ಟಲನ್ನು ಶುದ್ಧ ಡೀಸೆಲಿನಿಂದ ಅಂಚಿನವರೆಗೆ ತುಂಬಿ ಕೂಡಿಸಿ. ಬಳಿಕ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಪಕ್ಕದಲ್ಲಿರುವ ಸಣ್ಣ ಕೈ ಲಿವರನ್ನು ಒತ್ತಿ ನೋಡಿ. ಒತ್ತಿದರೆ ಎದುರು ಬಿಗುವು ಸಿಗಬೇಕು. ಲಿವರು ಸಡಿಲವಾಗಿ ಅಲ್ಲಾಡಿದರೆ ಪಂಪು ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗಿನ ಕ್ಯಾಮ್ ಪಂಪಿನ ತೋಳನ್ನು ಎತ್ತಿಹಿಡಿದು ನಿಂತಿರಬಹುದು. ಹ್ಯಾಂಡಲಿನಿಂದ ಎಂಜಿನ್ನನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಕ್ಯಾಮ್ ಅರ್ಧ ಸುತ್ತು ತಿರುಗಿ ಆ ತೋಳನ್ನು ಬಿಡುತ್ತದೆ, ಆಗ ಲಿವರಿಗೆ ಹಿಡಿತ ಬರುತ್ತದೆ.

ಈಗ ಸಣ್ಣ ಫಿಲ್ಟರಿನ ತಲೆಯ ಮೇಲಿರುವ ಏರ್ ಸ್ಕ್ರೂವನ್ನು ಒಂದರಿಂದ ಒಂದೂವರೆ ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಲಿವರು ಒತ್ತುತ್ತ ಹೋದಂತೆ ಮೊದಲು ಆಗಷ್ಟೇ ಕರೆದ ಹಾಲಿನಂಥ ನೊರೆ ಉಕ್ಕುತ್ತದೆ, ಆಮೇಲೆ ದೊಡ್ಡ ಗುಳ್ಳೆ, ಆಮೇಲೆ ಎಳ್ಳಿನಷ್ಟು ಸಣ್ಣ ಗುಳ್ಳೆ. ಅನೇಕರು ಸಣ್ಣ ಗುಳ್ಳೆಯ ಹಂತದಲ್ಲಿಯೇ ಸಾಕೆಂದು ಸ್ಕ್ರೂ ಬಿಗಿದುಬಿಡುತ್ತಾರೆ. ಗುಳ್ಳೆಯೇ ಇಲ್ಲದ ತಿಳಿ ಡೀಸೆಲ್ ಬಂದ ಮೇಲೂ ಇಪ್ಪತ್ತು ಸಲ ಒತ್ತಿ, ಒಂದು ಕೈ ಲಿವರು ಒತ್ತುತ್ತಿರುವಾಗಲೇ ಇನ್ನೊಂದು ಕೈಯಿಂದ ಸ್ಕ್ರೂ ಬಿಗಿಯಬೇಕು. ಒತ್ತುವುದನ್ನು ನಿಲ್ಲಿಸಿ ಬಿಗಿದರೆ ಆ ಒಂದು ಕ್ಷಣದಲ್ಲಿ ಗಾಳಿ ಮತ್ತೆ ಒಳಗೆ ಸರಿಯುತ್ತದೆ. ಎಫ್‌.ಐ. ಪಂಪಿನ ಮೈಮೇಲೆ ಇನ್ನೊಂದು ಏರ್ ಸ್ಕ್ರೂ ಇದ್ದರೆ ಅಲ್ಲಿಯೂ ಹೀಗೆಯೇ ಮಾಡಿ.

ನಾಜಲಿನ ನಟ್ಟುಗಳ ಬಗೆಗೆ ಕೇಳಿದ್ದೀರಿ. ಎಷ್ಟೋ ಸಲ ಪಂಪಿನವರೆಗೆ ಏರ್ ತೆಗೆದರೆ ಸಾಕು, ಎಂಜಿನ್ ಉಳಿದದ್ದನ್ನು ತಾನೇ ಹೊರದೂಡುತ್ತದೆ. ಆಗದಿದ್ದರೆ ಎರಡು ನಾಜಲುಗಳ ನಟ್ಟನ್ನೂ ಅರ್ಧದಿಂದ ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರನ್ನು ಮೇಲಿಟ್ಟು, ಎಂಜಿನ್ ತಿರುಗಿಸಿ. ಎರಡರ ಬಾಯಲ್ಲಿಯೂ ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಪೈಪಿನ ನಟ್ಟನ್ನು ತಿರುಗಿಸುವಾಗ ಅದರ ಕೆಳಗಿನ ಭಾಗ ಜೊತೆಗೆ ತಿರುಗದಂತೆ ಎರಡನೇ ಸ್ಪ್ಯಾನರಿನಿಂದ ಹಿಡಿದುಕೊಳ್ಳಿ. ಚಿಮ್ಮುವ ಜಾಗಕ್ಕೆ ಕೈ ಅಡ್ಡ ಹಿಡಿಯಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸ ಕೊಳೆಯುವ ಅಪಾಯವಿದೆ. ಹಾಗಾದರೆ ನೋವಿಲ್ಲವೆಂದು ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಏರ್ ಹೋಗಿದೆಯೇ ಎಂದು ತಿಳಿಯಲು ಕಿವಿಯೇ ಸಾಕು. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರು ಎತ್ತಿ ಎಂಜಿನ್ನನ್ನು ಹ್ಯಾಂಡಲಿನಿಂದ ತಿರುಗಿಸುವಾಗ ನಾಜಲಿನಿಂದ ‘ಕಿರ್, ಕಿರ್’ ಎಂಬ ಒಣ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ಗಾಳಿ ಇನ್ನೂ ಇದೆ.

ಉತ್ತರ 2: ಬೋಟ್ ಎಂಜಿನ್ ಕೆಲಸ, ಸಾಗರ

ನಿಮ್ಮ ಅಣ್ಣನ ಮಗ ಇನ್ನೊಂದು ಸಲ ಸೆಲ್ಫ್ ಹೊಡೆಯುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಕರಾವಳಿಯಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ಕೆಲಸ ಮಾಡಿ ಈಗ ಸಾಗರದಲ್ಲಿ ನೆಲೆಸಿದ್ದೇನೆ. ತೀರ್ಥಹಳ್ಳಿಯವರು ಬರೆದ ಕ್ರಮದಲ್ಲಿ ಒಂದಕ್ಷರವೂ ತಪ್ಪಿಲ್ಲ, ಆದರೆ ಪಂಪ್‌ಸೆಟ್ಟಿಗೂ ದೋಣಿಗೂ ಎರಡು ವ್ಯತ್ಯಾಸಗಳಿವೆ, ಎರಡೂ ನಿಮ್ಮ ಎಂಜಿನ್ನಿನ ಜೀವದ ಪ್ರಶ್ನೆ.

ಒಂದನೆಯದು ನೀರು. ಸೆಲ್ಫಿನಿಂದ ಎಂಜಿನ್ ತಿರುಗಿದಷ್ಟು ಹೊತ್ತೂ ನೀರಿನ ಪಂಪು ಹೊಳೆಯ ನೀರನ್ನು ಎಳೆದು ಸೈಲೆನ್ಸರಿಗೆ ತಳ್ಳುತ್ತಿರುತ್ತದೆ. ಎಂಜಿನ್ ಚಾಲೂ ಇದ್ದರೆ ಹೊಗೆಯ ರಭಸವೇ ಆ ನೀರನ್ನು ಹೊರಗೆ ಎಸೆಯುತ್ತದೆ. ಚಾಲೂ ಆಗದೆ ಬರಿದೇ ತಿರುಗುತ್ತಿದ್ದರೆ ಅದನ್ನು ಹೊರದೂಡುವ ಶಕ್ತಿ ಇರುವುದಿಲ್ಲ. ನೀರು ಸೈಲೆನ್ಸರಿನಲ್ಲಿ ಏರುತ್ತ ಏರುತ್ತ ಕೊನೆಗೆ ಹೊಗೆಯ ದಾರಿಯಲ್ಲಿಯೇ ಹಿಂದಿರುಗಿ ಸಿಲಿಂಡರಿಗೆ ಇಳಿಯುತ್ತದೆ. ನೀರು ಕೂಡ ಕುಗ್ಗುವುದಿಲ್ಲ. ಅದರ ಮೇಲೆ ಪಿಸ್ಟನ್ ಏರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಹಿಡಿದ ಎಂಜಿನ್ನಿಗೆ ಹಟದಿಂದ ಸೆಲ್ಫ್ ಹೊಡೆದು, ಹತ್ತು ನಿಮಿಷದ ಕೆಲಸಕ್ಕೆ ಇಡೀ ಎಂಜಿನ್ನನ್ನು ಬಿಚ್ಚುವಂತಾದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಆದ್ದರಿಂದ ಮೊದಲು ದೋಣಿಯ ತಳದ ನೀರಿನ ಕಾಕನ್ನು ಮುಚ್ಚಿ. ಸೈಲೆನ್ಸರಿನ ತಳದ ಡ್ರೈನ್ ಬಿಚ್ಚಿ ನೀರನ್ನು ಪಾತ್ರೆಗೆ ಇಳಿಸಿ ಎಷ್ಟಿದೆ ಎಂದು ಅಳೆಯಿರಿ. ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿ. ಆಯಿಲ್ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗಿಳಿದಿದೆ, ಮುಂದಕ್ಕೆ ಹೋಗಬೇಡಿ. ಆಯಿಲ್ ಸರಿಯಿದ್ದರೆ ಡಿಕಂಪ್ರೆಶನ್ ಲಿವರು ಎತ್ತಿ ಕೈಯಿಂದ ನಿಧಾನವಾಗಿ ನಾಲ್ಕಾರು ಸುತ್ತು ತಿರುಗಿಸಿ, ಎಲ್ಲಿಯೂ ಗಟ್ಟಿಯಾಗಿ ತಡೆಯುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಏರ್ ತೆಗೆಯುವ ಕೆಲಸವೆಲ್ಲ ಕಾಕ್ ಮುಚ್ಚಿಯೇ ನಡೆಯಲಿ. ಎಂಜಿನ್ ಚಾಲೂ ಆದ ಮರುಕ್ಷಣ ಅದನ್ನು ತೆರೆಯಲು ಒಬ್ಬರು ಅದರ ಮೇಲೆ ಕೈಯಿಟ್ಟುಕೊಂಡೇ ಕುಳಿತಿರಬೇಕು, ಏಕೆಂದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರು ಒಣಗಿ ತಿರುಗಿದರೆ ಬೇಗ ಹರಿದುಹೋಗುತ್ತದೆ. ಸೆಲ್ಫನ್ನು ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದು ನಿಮಿಷವಾದರೂ ಆರಲು ಬಿಡಿ.

ಎರಡನೆಯದು ಟ್ಯಾಂಕು ಇರುವ ಎತ್ತರ. ಪಸೆ ಇಲ್ಲದ್ದರಿಂದ ಲೀಕ್ ಇಲ್ಲ ಎಂದು ನೀವು ತಿಳಿದಿರುವುದು ಇಲ್ಲಿಯೇ ದಾರಿ ತಪ್ಪಿಸುತ್ತಿದೆ. ತೋಟದ ಪಂಪ್‌ಸೆಟ್ಟಿನಲ್ಲಿ ಟ್ಯಾಂಕು ಎಂಜಿನ್ನಿನ ತಲೆಯ ಮೇಲಿರುತ್ತದೆ. ಡೀಸೆಲ್ ತನ್ನ ಭಾರದಿಂದಲೇ ಇಳಿಯುವುದರಿಂದ ಜಾಯಿಂಟು ಸಡಿಲವಾದರೆ ಡೀಸೆಲ್ ಹೊರಕ್ಕೆ ಜಿನುಗಿ ಜಾಗ ಒದ್ದೆಯಾಗುತ್ತದೆ. ನಿಮ್ಮ ದೋಣಿಯಲ್ಲಿ ಟ್ಯಾಂಕು ಕೆಳಗಿದೆ, ಫೀಡ್ ಪಂಪು ಡೀಸೆಲನ್ನು ಮೇಲಕ್ಕೆ ಹೀರಿಕೊಳ್ಳಬೇಕು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ ಇರುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆ ಜಾಗ ಒಣಗಿದಂತೆಯೇ ಕಾಣುತ್ತದೆ. ಫೀಡ್ ಪಂಪು ದಾಟಿದ ಮೇಲಿನ ಭಾಗದಲ್ಲಿ ಮಾತ್ರ ಲೀಕಿದ್ದರೆ ಒದ್ದೆ ಕಾಣಿಸೀತು. ನಿಮಗೆ ಪಸೆ ಕಾಣದೆ ಏರ್ ಮಾತ್ರ ಮರಳಿ ಬರುತ್ತಿದೆ ಎಂದರೆ ದೋಷ ಹೀರುವ ಬದಿಯಲ್ಲಿದೆ ಎಂದು ಎಂಜಿನ್ನೇ ಹೇಳುತ್ತಿದೆ. ಇದು ಸಿಗದೆ ಎಷ್ಟು ಸಲ ಏರ್ ತೆಗೆದರೂ ಪ್ರಯೋಜನವಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ದೋಣಿಯನ್ನೇ ಅರ್ಧ ಗಂಟೆ ಪಂಪ್‌ಸೆಟ್ ಮಾಡಿಬಿಡಿ. 5 ಲೀಟರಿನ ಶುದ್ಧ ಕ್ಯಾನಿಗೆ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಅದರಿಂದ ಒಂದು ಪೈಪನ್ನು ಸೆಪರೇಟರಿಗೂ ಹೋಗದಂತೆ ನೇರವಾಗಿ ಫೀಡ್ ಪಂಪಿನ ಬಾಯಿಗೆ ಕೊಡಿ. ಉಳಿದ ಡೀಸೆಲ್ ಮರಳಿ ಬರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಹಾಕಿ. ಏರ್ ತೆಗೆದು ಚಾಲೂ ಮಾಡಿದಾಗ ಎಂಜಿನ್ ನಿಲ್ಲದೆ ಓಡಿದರೆ ಫೀಡ್ ಪಂಪು, ಸಣ್ಣ ಫಿಲ್ಟರು, ಎಫ್‌.ಐ. ಪಂಪು, ನಾಜಲು ಎಲ್ಲವೂ ನಿರಪರಾಧಿಗಳು.

ಇನ್ನೊಂದು ಮಾತು. ಪ್ರತಿ ಸಲವೂ ಆರೇಳು ನಿಮಿಷಕ್ಕೇ ನಿಲ್ಲುತ್ತದೆ ಎಂದಿದ್ದೀರಿ. ಬರೀ ಸಡಿಲ ಜಾಯಿಂಟಾಗಿದ್ದರೆ ಸಮಯ ಇಷ್ಟು ಕರಾರುವಾಕ್ಕಾಗಿ ಇರುವುದು ಅಪರೂಪ. ಟ್ಯಾಂಕಿನೊಳಗೆ ಗಾಳಿ ಬರುವ ಸಣ್ಣ ಕೊಳವೆ ಕಟ್ಟಿರಬಹುದೆಂದು ನನ್ನ ಅನುಮಾನ. ಡೀಸೆಲ್ ಖರ್ಚಾದಂತೆ ಆ ಜಾಗಕ್ಕೆ ಗಾಳಿ ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಫೀಡ್ ಪಂಪು ಹೀರಲಾರದ ಹಂತ ಬರುತ್ತದೆ. ಮುಂದಿನ ಸಲ ಎಂಜಿನ್ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಬಿಚ್ಚಿ ಕಿವಿಗೊಡಿ. ‘ಉಸ್ಸ್’ ಎಂದು ಗಾಳಿ ಒಳಗೆಳೆದುಕೊಂಡರೆ ಕಾರಣ ಸಿಕ್ಕಿತು.

ಕೊನೆಗೊಂದು ವಿನಂತಿ. ಏರ್ ಸ್ಕ್ರೂ ಕೆಳಗೆ ತಟ್ಟೆಯಿಟ್ಟು, ಸುತ್ತ ಹಳೆಯ ಬಟ್ಟೆ ಅಥವಾ ಮರದ ಹೊಟ್ಟು ಹಾಕಿಕೊಳ್ಳಿ. ದೋಣಿಯ ತಳಕ್ಕೆ ಬಿದ್ದ ಡೀಸೆಲ್ ನೀರೆತ್ತುವಾಗ ಹೊಳೆಗೇ ಹೋಗುತ್ತದೆ, ಆ ನೀರನ್ನು ಕುಡಿಯುವ ದನಕರುಗಳೂ ಮನೆಗಳೂ ದಡದ ಉದ್ದಕ್ಕೂ ಇವೆ.

ಮರುಪ್ರಶ್ನೆ: ಹಿನ್ನೀರ ದಡ, ತುಮರಿ ಕಡೆ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಸಾಗರದವರ ಮೊದಲ ಮಾತು ಓದಿದ ಕೂಡಲೇ ಬ್ಯಾಟರಿಯ ವೈರು ಬಿಚ್ಚಿಸಿದೆ. ಸೈಲೆನ್ಸರಿನಿಂದ ಇಳಿದ ನೀರನ್ನು ಅಳೆದಾಗ 4 ಲೀಟರಿಗೆ ಸ್ವಲ್ಪ ಹೆಚ್ಚೇ ಇತ್ತು. ಆಯಿಲ್ ಕಡ್ಡಿಯನ್ನು ಬಿಳಿಯ ಬಟ್ಟೆಗೆ ಒರೆಸಿ ನೋಡಿದೆವು. ಕಪ್ಪಾಗಿಯೇ ಇದೆ, ನೀರಿನ ಗುರುತಿಲ್ಲ. ಕೈಯಿಂದ ತಿರುಗಿಸಿದಾಗ ಎಂಜಿನ್ ಎಲ್ಲಿಯೂ ತಡೆಯಲಿಲ್ಲ. ಇನ್ನೆರಡು ದಿನ ಹಾಗೆಯೇ ಸೆಲ್ಫ್ ಹೊಡೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ. ಅಣ್ಣನ ಮಗನಿಗೂ ಇದನ್ನೆಲ್ಲ ಓದಿ ಹೇಳಿದ್ದೇನೆ. ಈಗ ನೀರಿನ ಕಾಕಿನ ಹೊಣೆ ಅವನದೇ.

ಕ್ಯಾನನ್ನು ದೋಣಿಯ ಚಪ್ಪರದ ಕಂಬಕ್ಕೆ ಕಟ್ಟಿ, ಬರೆದಂತೆಯೇ ಪೈಪು ಕೊಟ್ಟು, ಕ್ರಮವಾಗಿ ಏರ್ ತೆಗೆದೆವು. ಫೀಡ್ ಪಂಪಿನ ಲಿವರು ಮೊದಲು ಸಡಿಲವಾಗಿಯೇ ಇತ್ತು, ಒಂದು ಸುತ್ತು ತಿರುಗಿಸಿದ ಮೇಲೆ ಹಿಡಿತ ಬಂತು. ಹ್ಯಾಂಡಲ್ ತಿರುಗಿಸುವಾಗ ಆ ‘ಕಿರ್’ ಸದ್ದನ್ನು ನಾನು ಮೊದಲ ಬಾರಿಗೆ ಗಮನವಿಟ್ಟು ಕೇಳಿದೆ. ನಾಜಲಿನ ನಟ್ಟು ಮುಟ್ಟುವ ಅಗತ್ಯವೇ ಬೀಳದೆ ಎಂಜಿನ್ ಎರಡನೇ ಪ್ರಯತ್ನಕ್ಕೆ ಚಾಲೂ ಆಯಿತು. ದಡಕ್ಕೆ ಕಟ್ಟಿಕೊಂಡೇ 40 ನಿಮಿಷ ಓಡಿಸಿದೆವು, ಒಮ್ಮೆಯೂ ಸದ್ದು ಕುಂದಲಿಲ್ಲ.

ಮರುದಿನ ಟ್ಯಾಂಕಿನಿಂದಲೇ ಓಡಿಸಿದಾಗ ಏಳನೇ ನಿಮಿಷಕ್ಕೆ ನಿಂತಿತು. ಮುಚ್ಚಳ ಬಿಚ್ಚಿದರೆ ಉಸಿರು ಎಳೆದುಕೊಂಡ ಸದ್ದು ನನಗೂ, ಎದುರು ಕುಳಿತಿದ್ದ ಹುಡುಗನಿಗೂ ಸ್ಪಷ್ಟವಾಗಿ ಕೇಳಿಸಿತು. ಗಾಳಿ ಕೊಳವೆಯು ದೋಣಿಯ ಪಕ್ಕದ ಅಂಚಿನಲ್ಲಿ, ಕೆಳಮುಖವಾಗಿ ಬಾಗಿದ ಹಿತ್ತಾಳೆಯ ತುದಿಯಲ್ಲಿ ಕೊನೆಯಾಗುತ್ತದೆ. ಕಡ್ಡಿ ಹಾಕಿ ಕೆರೆದರೆ ಕೆಂಪು ಮಣ್ಣು ಉದುರಿತು. ಕುಂಬಾರ ಹುಳ ಮಳೆಗಾಲದಲ್ಲಿ ಟಾರ್ಪಾಲಿನ ಮರೆಯಲ್ಲಿ ನೆಮ್ಮದಿಯಾಗಿ ಗೂಡು ಕಟ್ಟಿತ್ತು. ಮಣ್ಣು ಎಷ್ಟು ನುಣುಪಾಗಿ ಮೆತ್ತಿಕೊಂಡಿತ್ತೆಂದರೆ ಕೊಳವೆಯ ಬಾಯಿಗೆ ಯಾರೋ ಬಿರಟೆ ಒತ್ತಿದಂತಿತ್ತು. ಗೂಡಿನೊಳಗೆ ಒಣಗಿದ ನಾಲ್ಕು ಜೇಡಗಳೂ ಇದ್ದವು.

ಕೊಳವೆ ಬಿಡಿಸಿದ ಮೇಲೆ ದೊಡ್ಡ ಗೆಲುವೇ ಆಯಿತೆಂದುಕೊಂಡೆವು. ಆದರೆ ನಿನ್ನೆ 25 ನಿಮಿಷ ಓಡಿದ ಬಳಿಕ ಎಂಜಿನ್ ಮತ್ತೆ ಏರಿಳಿಯಿತು. ನಿಲ್ಲಲಿಲ್ಲ, ಆದರೆ ಏರ್ ಸ್ಕ್ರೂ ಬಿಚ್ಚಿದರೆ ಸಣ್ಣ ಗುಳ್ಳೆಗಳು ಕಂಡವು. ಇವತ್ತು ಬೆಳಿಗ್ಗೆ ಚಾಲೂ ಆಗಲೂ ತಡವಾಯಿತು. ಇನ್ನೂ ಒಂದು ದೋಷ ಉಳಿದಿದೆ ಎಂದು ತೋರುತ್ತದೆ. ಹೀರುವ ಬದಿಯಲ್ಲಿ ಒಟ್ಟು ಏಳು ಜಾಯಿಂಟುಗಳಿವೆ. ಯಾವುದೆಂದು ಹುಡುಕುವ ಬಗೆ ಹೇಗೆ?

ಉತ್ತರ 3: ಹಳೆಯ ಲಾಂಚ್ ಎಂಜಿನ್ ಚಾಲಕ, ಸಾಗರ ತಾಲ್ಲೂಕು

ಬೆಳಿಗ್ಗೆ ಚಾಲೂ ಆಗಲು ತಡವಾಗುವುದೂ ಅದೇ ದೋಷದ ಗುರುತು. ರಾತ್ರಿ ಎಲ್ಲಾ ನಿಂತಿದ್ದಾಗ ಆ ಸಂದಿಯಿಂದ ಗಾಳಿ ಒಳಬಂದು, ಪೈಪಿನಲ್ಲಿದ್ದ ಡೀಸೆಲ್ ಕೆಳಗಿನ ಟ್ಯಾಂಕಿಗೆ ಹಿಂದಿರುಗಿರುತ್ತದೆ. ಗಾಳಿ ಕೊಳವೆ ಕಟ್ಟಿದ್ದಾಗ ಟ್ಯಾಂಕಿನ ನಿರ್ವಾತ ಈ ಸಂದಿಯನ್ನು ಜೋರಾಗಿ ಎಳೆಯುತ್ತಿತ್ತು. ಈಗ ಎಳೆತ ಕಡಿಮೆಯಾಗಿದೆ, ಹೀಗಾಗಿ ಏಳು ನಿಮಿಷದ ಬದಲು 25 ನಿಮಿಷ ಸಿಕ್ಕಿತು.

ಹುಡುಕುವ ಬಗೆ ಸುಲಭ. ಡೀಸೆಲಿಗೆ ಆಗುವ ಒಂದಡಿ ಪಾರದರ್ಶಕ ಪೈಪನ್ನು ಮೊದಲು ಫೀಡ್ ಪಂಪಿಗೆ ಸೇರುವಲ್ಲಿ ನಡುವೆ ಕೂಡಿಸಿ, ಎಂಜಿನ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಗುಳ್ಳೆ ಕಂಡರೆ ಪೈಪನ್ನು ಸೆಪರೇಟರಿನ ಹಿಂದಕ್ಕೆ, ಅಂದರೆ ಟ್ಯಾಂಕಿನ ಬದಿಗೆ ಕೂಡಿಸಿ. ಅಲ್ಲಿಯೂ ಗುಳ್ಳೆ ಇದ್ದರೆ ಟ್ಯಾಂಕಿನ ಹೀರುನಳಿಕೆ ಅಥವಾ ಅದರ ಜಾಯಿಂಟು. ಅಲ್ಲಿ ತಿಳಿಯಾಗಿದ್ದರೆ ಸೆಪರೇಟರೇ ಅಪರಾಧಿ. ಪರೀಕ್ಷೆ ಮುಗಿದ ಮೇಲೆ ಆ ಪೈಪನ್ನು ತೆಗೆದುಬಿಡಿ. ಎಂಜಿನ್ನಿನ ಬಿಸಿಗೆ ಮೆದುವಾಗುವ ವಸ್ತುವನ್ನು ಖಾಯಂ ಇಡುವುದು ಬೆಂಕಿಗೆ ಆಹ್ವಾನ.

ನನ್ನ ಊಹೆ ಸೆಪರೇಟರೇ. ನೀವು ಫಿಲ್ಟರು ಬದಲಾಯಿಸಿದ ಮೇಲೆ ಶುರುವಾದ ಕಾಟ ಇದು, ಮೊದಲು ಕೈಯಾಡಿಸಿದ ಜಾಗವನ್ನೇ ನೋಡಬೇಕು. ಹಳೆಯ ರಬ್ಬರ್ ರಿಂಗು ಮೇಲಿನ ತಲೆಗೆ ಅಂಟಿಕೊಂಡು ಉಳಿದಿದ್ದರೆ ಹೊಸ ರಿಂಗು ಅದರ ಮೇಲೆ ಕುಳಿತು ಎಷ್ಟು ಬಿಗಿದರೂ ಸರಿಯಾಗಿ ಕೂರುವುದಿಲ್ಲ. ಉಗುರಿನಿಂದ ತಡಕಿ ನೋಡಿ, ಕಣ್ಣಿಗೆ ಅದು ಲೋಹದಂತೆಯೇ ಕಪ್ಪಾಗಿ ಕಾಣುತ್ತದೆ. ಹೊಸ ರಿಂಗಿಗೆ ಡೀಸೆಲ್ ಸವರಿ ಕೂಡಿಸಿ.

ಪೈಪಿನ ತುದಿ ಕೂಡಿಸುವ, ನಡುವೆ ಟೊಳ್ಳಾದ ಬ್ಯಾಂಜೊ ಬೋಲ್ಟುಗಳ ತಾಮ್ರದ ವಾಷರುಗಳನ್ನು ಬಿಚ್ಚಿದಾಗಲೆಲ್ಲ ಹೊಸದು ಹಾಕುವುದು ಮೇಲು. ಸಿಗದಿದ್ದರೆ ಹಳೆಯದನ್ನು ಬಚ್ಚಲೊಲೆಯ ಕೆಂಡದಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ಆರಿಸಿ, ಮೇಲಿನ ಕಿಟ್ಟವನ್ನು ನಯವಾದ ಉಪ್ಪು ಕಾಗದದಲ್ಲಿ ತೆಗೆಯಿರಿ. ಬಿಗಿದು ಬಿಗಿದು ಗಟ್ಟಿಯಾದ ತಾಮ್ರ ಮತ್ತೆ ಮೆದುವಾಗಿ, ಒತ್ತಿದ ಜಾಗಕ್ಕೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಮೇಲಿನ ಸಣ್ಣ ಫಿಲ್ಟರು ತಿರುಗಿಸಿ ಕೂಡಿಸುವ ಬಗೆಯದಾಗಿದ್ದರೆ, ಮೊದಲೇ ಡೀಸೆಲ್ ತುಂಬುವಾಗ ನಡುವಿನ ದೊಡ್ಡ ತೂತಿಗೆ ಸುರಿಯಬೇಡಿ. ಅದು ಸೋಸಿದ ಡೀಸೆಲ್ ಹೊರಹೋಗುವ ದಾರಿ, ಅಲ್ಲಿ ಸುರಿದ ಕಸ ನೇರವಾಗಿ ಎಫ್‌.ಐ. ಪಂಪಿಗೆ ಹೋಗುತ್ತದೆ. ಸುತ್ತಲಿನ ಸಣ್ಣ ತೂತುಗಳಿಗೇ ಸುರಿಯಿರಿ.

ಹಿಂಬರಹ: ಹಿನ್ನೀರ ದಡ, ತುಮರಿ ಕಡೆ

ಹಿರಿಯರ ಊಹೆ ಸರಿಯಾಗಿತ್ತು. ಪಾರದರ್ಶಕ ಪೈಪನ್ನು ಫೀಡ್ ಪಂಪಿನ ಬಳಿ ಕೂಡಿಸಿದಾಗ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತಿದ್ದವು. ಸೆಪರೇಟರಿನ ಹಿಂದೆ ಕೂಡಿಸಿದಾಗ ಒಂದೂ ಇರಲಿಲ್ಲ. ಬಟ್ಟಲು ಇಳಿಸಿ ಮೇಲಿನ ತಲೆಯ ಗಾಡಿಯಲ್ಲಿ (ರಿಂಗು ಕೂರುವ ಕೊರಕಲಿನಲ್ಲಿ) ಉಗುರು ಆಡಿಸಿದೆ. ಮೊದಲ ಸುತ್ತಿಗೆ ಏನೂ ತಿಳಿಯಲಿಲ್ಲ, ಎರಡನೇ ಸುತ್ತಿಗೆ ಒಂದು ಅಂಚು ಮೆತ್ತಗೆ ಎದ್ದಿತು. ಮೂರು ವರ್ಷದ ಹಳೆಯ ರಿಂಗು ಚಪ್ಪಟೆಯಾಗಿ, ಒಂದು ಕಡೆ ಸೀಳಿ, ಗಾಡಿಗೆ ಬೆಸೆದಂತೆ ಕುಳಿತಿತ್ತು. ಅದನ್ನು ಮರದ ಚೂಪು ಕಡ್ಡಿಯಿಂದ ಎಬ್ಬಿಸಿ, ಗಾಡಿಯನ್ನು ಬಟ್ಟೆಯಿಂದ ಒರೆಸಿ, ಹೊಸ ರಿಂಗಿಗೆ ಡೀಸೆಲ್ ಸವರಿ ಕೂಡಿಸಿದೆ. ಎರಡು ತಾಮ್ರದ ವಾಷರುಗಳನ್ನು ಬಚ್ಚಲೊಲೆಯಲ್ಲಿ ಕಾಯಿಸಿ ಹಾಕಿದೆ.

ನೀರಿನ ಕಾಕ್ ಮುಚ್ಚಿ, ಟ್ಯಾಂಕಿನಿಂದ ಎಫ್‌.ಐ. ಪಂಪಿನವರೆಗೆ ಕ್ರಮವಾಗಿ ಏರ್ ತೆಗೆದು, ಸೆಲ್ಫ್ ಒಂದೇ ಸಲ ಹೊಡೆದೆವು. ಹುಡುಗ ಕಾಕ್ ತೆರೆದಾಗ ಹಿಂಬದಿಯಿಂದ ನೀರು ಚಿಮ್ಮಿದ್ದನ್ನು ನೋಡಿದ ಮೇಲೆಯೇ ಕಟ್ಟು ಬಿಚ್ಚಿದೆವು. ಎದುರು ದಡಕ್ಕೆ ಹೋಗಿ, ಎರಡು ಹೊರೆ ದರಕು ತುಂಬಿಕೊಂಡು ಬಂದೆವು. ಒಟ್ಟು 1 ಗಂಟೆ 20 ನಿಮಿಷ ಓಡಿತು. ಇವತ್ತು ಬೆಳಿಗ್ಗೆ ಏರ್ ಸ್ಕ್ರೂ ಮುಟ್ಟದೆಯೇ ಚಾಲೂ ಆಯಿತು.

ಗಾಳಿ ಕೊಳವೆಯ ತುದಿಗೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿಯನ್ನು ತಂತಿಯಿಂದ ಸುತ್ತಿದ್ದೇನೆ. ಜಾಲರಿಯೇ ಮುಂದೆ ಕಸ ಹಿಡಿದು ಕಟ್ಟಿಕೊಳ್ಳುವ ಸಂಭವ ಇದೆಯೇ, ಅಥವಾ ಮಳೆಗಾಲದಲ್ಲಿ ಮಾತ್ರ ಅದನ್ನು ಹಾಕಿ ಓಡಿಸುವ ದಿನಗಳಲ್ಲಿ ತೆಗೆದಿಡುವುದು ಸರಿಯೇ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4: ಬೋಟ್ ಎಂಜಿನ್ ಕೆಲಸ, ಸಾಗರ

ಜಾಲರಿ ಇರಲಿ, ಆದರೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣು ಬೇಡ; ಕುಂಬಾರ ಹುಳ ನುಗ್ಗದಷ್ಟಿದ್ದರೆ ಸಾಕು. ಪ್ರತಿ ತಿಂಗಳು ಒಮ್ಮೆ ಬ್ರಶ್ಶಿನಿಂದ ಉಜ್ಜಿ. ಮುಂದಿನ ಮಳೆಗಾಲಕ್ಕೆ ದೋಣಿ ಕಟ್ಟುವ ಮೊದಲು ಟ್ಯಾಂಕನ್ನು ಕಂಠಮಟ್ಟ ತುಂಬಿಸಿಡಿ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ನಮ್ಮ ಮಲೆನಾಡಿನ ಥಂಡಿ ಬೆವರಾಗಿ ಇಳಿದು ಡೀಸೆಲಿನ ತಳಕ್ಕೆ ನೀರು ಸೇರುತ್ತದೆ. ದೋಣಿಯನ್ನು ಬಿಚ್ಚುವ ದಿನ ಮೊದಲು ಸೆಪರೇಟರಿನ ಬಟ್ಟಲಿನ ತಳ ಹರಿಸಿ, ಬಳಿಕ ಗಾಳಿ ಕೊಳವೆಗೆ ಬಾಯಿಟ್ಟು ಊದಿ ನೋಡಿ. ಟ್ಯಾಂಕಿನ ಮುಚ್ಚಳ ತೆಗೆದಿರುವಾಗ ಊದಿದ ಉಸಿರು ತಡೆಯಿಲ್ಲದೆ ಹೋದರೆ ಎಂಜಿನ್ನಿಗೆ ಕೈ ಹಾಕಬಹುದು.